ಕೂಸು ಕದ್ದವರು ಯಾರು?

ಗಂಟೆಗೋಪುರದ ಮೇಲೊಂದು ಪಾಠ ನಡೆದಿದೆ. ಹೇಳಿಕೊಡುವವನು ಪ್ಯಾರಿಸ್ಸಿನ ನ್ಯಾಯಾಧೀಶ. ಕಲಿಯುವವನು ಇಪ್ಪತ್ತರ ಹರೆಯದ, ಬೆನ್ನು ಗೂನಾದ, ಒಂದು ಕಣ್ಣು ಅರೆಮುಚ್ಚಿದ ಹುಡುಗ. ಊಟದ ಹೊತ್ತು, ನ್ಯಾಯಾಧೀಶನ ಮುಂದೆ ಬೆಳ್ಳಿಯ ಬಟ್ಟಲು, ಹುಡುಗನ ಮುಂದೆ ಮರದ್ದು. ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಅವನು ಅಕ್ಷರಮಾಲೆ ಒಪ್ಪಿಸುತ್ತಾನೆ. ಆ ಅಕ್ಷರಮಾಲೆಯಲ್ಲಿ ಅಗಸ, ಆನೆ, ಇಲಿ, ಈಶ ಯಾರೂ ಇಲ್ಲ. ಅಕ್ಷರಕ್ಕೊಂದು ಪಾಪ, ಅಕ್ಷರಕ್ಕೊಂದು ನರಕ. ತಾನು ವಿಕಾರ, ಲೋಕ ಕ್ರೂರ, ಹೆತ್ತವಳೇ ತನ್ನನ್ನು ಬಿಟ್ಟುಹೋದಳು ಎಂಬುದನ್ನೂ ಅವನು ಬಾಯಿಪಾಠ ಮಾಡಿಕೊಂಡಿದ್ದಾನೆ. ಕೊನೆಯದು ಶುದ್ಧ ಸುಳ್ಳೆಂದು ನೋಡುಗರಿಗೆ ಆಗಲೇ ಗೊತ್ತು. ಅವಳನ್ನು ಚರ್ಚಿನ ಮೆಟ್ಟಿಲ ಮೇಲೆ ಕೊಂದವನೇ ಈಗ ಎದುರು ಕುಳಿತು ಪಾಠ ಹೇಳುತ್ತಿದ್ದಾನೆ.

1996ರ ಜೂನ್‌ನಲ್ಲಿ ಬಿಡುಗಡೆಯಾದ ಡಿಸ್ನಿಯ ‘ದ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ ಚಿತ್ರದ ದೃಶ್ಯವಿದು. ವಿಕ್ಟರ್ ಹ್ಯೂಗೊ 1831ರಲ್ಲಿ ಬರೆದ ಕಾದಂಬರಿಯನ್ನು ಮಕ್ಕಳ ಚಿತ್ರ ಮಾಡಹೊರಟದ್ದೇ ಒಂದು ಹುಚ್ಚು ಸಾಹಸ. ಕೊಲೆ, ಕಾಮ, ಜನಾಂಗದ್ವೇಷ ಎಲ್ಲವೂ ಅದರಲ್ಲಿವೆ. ಆದರೂ ಅಮೆರಿಕದಲ್ಲಿ ಅದಕ್ಕೆ ಎಲ್ಲ ವಯಸ್ಸಿನವರೂ ನೋಡಬಹುದೆಂಬ ‘ಜಿ’ ಪ್ರಮಾಣಪತ್ರ ಸಿಕ್ಕಿತು. ಸೆನ್ಸಾರಿನವರು ಆ ಹೊತ್ತಿಗೆ ಕಾಫಿಗೆ ಎದ್ದುಹೋಗಿದ್ದರೋ ಏನೋ. ಅನಿಮೇಷನ್‌ ಚಿತ್ರಗಳು ಅಂಗವೈಕಲ್ಯವನ್ನೂ ಪರಕೀಯ ಜನಾಂಗಗಳನ್ನೂ ಹೇಗೆ ಕಂಡಿವೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಊರು ಹೊರಗಿಟ್ಟ ಇಬ್ಬರು, ಗೂನುಬೆನ್ನಿನ ಕ್ವಾಸಿಮೋದೊ ಮತ್ತು ರೋಮಾ (ಜಿಪ್ಸಿ) ಅಲೆಮಾರಿಗಳ ಹೆಣ್ಣು ಎಸ್ಮೆರಾಲ್ಡ, ಇಲ್ಲಿ ಒಂದೇ ಅಂಗಳದಲ್ಲಿ ನಿಂತಿದ್ದಾರೆ.

ಗೆರೆಗೆ ಆಕಸ್ಮಿಕವಿಲ್ಲ

ಮಾಮೂಲಿ ಸಿನಿಮಾದಲ್ಲಿ ನಟನ ಮೂಗು ಅವನ ಅಪ್ಪ ಅಮ್ಮ ಕೊಟ್ಟದ್ದು. ಅನಿಮೇಷನ್‌ನಲ್ಲಿ ಮೂಗು ಕೊಡುವವನು ಕಲಾವಿದ. ಬೆನ್ನು ಎಷ್ಟು ಬಾಗಬೇಕು, ಚರ್ಮ ಯಾವ ಬಣ್ಣದ್ದಿರಬೇಕು, ಯಾರ ಬಾಯಲ್ಲಿ ಯಾವ ಸೀಮೆಯ ಇಂಗ್ಲಿಷ್‌ ಬರಬೇಕು, ಎಲ್ಲವನ್ನೂ ಯಾರೋ ಕೂತು ತೀರ್ಮಾನಿಸಿರುತ್ತಾರೆ. ಹಾಗಾಗಿ ಈ ಚಿತ್ರಗಳ ಪೂರ್ವಗ್ರಹಕ್ಕೆ ಕ್ಯಾಮೆರಾದ ನೆಪ ಹೇಳಲು ಬರುವುದಿಲ್ಲ.

‘ಪೀಟರ್ ಪ್ಯಾನ್’ (1953) ಖಳನ ಕೈಯಿದ್ದ ಕಡೆ ಕೊಕ್ಕೆ. ಅವನ ಹೆಸರೂ ಅದೇ, ಹುಕ್. ‘ಲಯನ್ ಕಿಂಗ್’ (1994) ಖಳನ ಮುಖದಲ್ಲಿ ಗಾಯದ ಗುರುತು, ಹೆಸರು ಸ್ಕಾರ್. ಊನವೇ ಹೆಸರು, ಊನವೇ ಗುಣ. ‘ಡಂಬೊ’ದಲ್ಲಿ (1941) ದೊಡ್ಡ ಕಿವಿಯ ಆನೆಮರಿಯನ್ನು ಎಲ್ಲರೂ ಹಂಗಿಸುತ್ತಾರೆ. ಆ ಕಿವಿಯಿಂದಲೇ ಅದು ಹಾರತೊಡಗಿದ ಮೇಲೆ ಮಾತ್ರ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಹಾರದೇ ಹೋಗಿದ್ದರೆ? ಚಿತ್ರ ಆ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಅದೇ ಚಿತ್ರದಲ್ಲಿ ಮಳೆಯಲ್ಲಿ ಸರ್ಕಸ್ ಡೇರೆ ಎತ್ತುವ ಕಪ್ಪು ಕೂಲಿಗಳಿಗೆ ಮುಖವೇ ಇಲ್ಲ. ಕಾಗೆಗಳ ಗುಂಪಿನ ನಾಯಕನಿಗೆ ತಯಾರಕರು ಇಟ್ಟ ಹೆಸರು ಜಿಮ್ ಕ್ರೋ. ಅಮೆರಿಕದಲ್ಲಿ ಕರಿಯರನ್ನು ಬೇರೆ ಕೂರಿಸಿದ ಕಾನೂನುಗಳಿಗೂ ಅದೇ ಹೆಸರಿತ್ತು. ಆ ಕಾಗೆಗೆ ದನಿ ಕೊಟ್ಟವನು ಬಿಳಿಯ. ‘ಅಲಾದ್ದೀನ್’ (1992) ಬಂದಾಗ ಅರಬರ ನಾಡನ್ನು ಕಿವಿ ಕತ್ತರಿಸುವ ನಾಡೆಂದು ಹಾಡಿದ್ದಕ್ಕೆ ಅರಬ್-ಅಮೆರಿಕನ್ ಸಂಘಟನೆ ಪ್ರತಿಭಟಿಸಿತು. ಮರುವರ್ಷ ವಿಡಿಯೊದಲ್ಲಿ ಆ ಸಾಲು ಬದಲಾಯಿತು.

ಇದನ್ನೆಲ್ಲ ಪಶ್ಚಿಮದವರ ದೋಷವೆಂದು ನಾವು ದೂರ ಕೂರುವ ಹಾಗಿಲ್ಲ. ನಮ್ಮ ಹರಿಕಥೆ, ಯಕ್ಷಗಾನ, ಬಯಲಾಟ ನೋಡಿ ಬೆಳೆದವರಿಗೆ ಗೂನುಬೆನ್ನೆಂದರೆ ಮೊದಲು ನೆನಪಾಗುವವಳು ಮಂಥರೆ. ಬೆನ್ನಿನ ಡೊಂಕು ಮನಸ್ಸಿನ ಡೊಂಕಿಗೆ ಸಾಕ್ಷಿ. ಇನ್ನೊಂದು ದಾರಿ ಮಥುರೆಯ ಕುಬ್ಜೆಯದು. ಒಳ್ಳೆಯವಳು, ಹಾಗಾಗಿ ಕೃಷ್ಣ ಮುಟ್ಟಿ ನೆಟ್ಟಗೆ ಮಾಡಿದ. ಜನಕನ ಆಸ್ಥಾನದಲ್ಲಿ ಪಂಡಿತರ ಬಾಯಿ ಮುಚ್ಚಿಸಿದ ಅಷ್ಟಾವಕ್ರನನ್ನೂ ಮಹಾಭಾರತ ಹಾಗೇ ಬಿಡಲಿಲ್ಲ. ನದಿಯಲ್ಲಿ ಮುಳುಗಿಸಿ ಎಂಟೂ ಡೊಂಕು ಸರಿಪಡಿಸಿಯೇ ಮನೆಗೆ ಕಳಿಸಿತು. ಕೆಟ್ಟವರಾದರೆ ಡೊಂಕು ಉಳಿಯುತ್ತದೆ, ಒಳ್ಳೆಯವರಾದರೆ ಹೋಗುತ್ತದೆ. ಗೂನು ಉಳಿಸಿಕೊಂಡೇ ಒಳ್ಳೆಯವನಾಗಿರುವವನಿಗೆ ಕಥೆಯಲ್ಲಿ ಜಾಗ ಹುಡುಕುವುದು ಕಷ್ಟ.

ಕ್ವಾಸಿಮೋದೊ ದೊಡ್ಡವನಾಗುವುದು ಇಲ್ಲಿ. ಚಿತ್ರದ ನಿರ್ದೇಶಕರು ಗ್ಯಾರಿ ಟ್ರೌಸ್‌ಡೇಲ್ ಮತ್ತು ಕರ್ಕ್ ವೈಸ್. ಐದು ವರ್ಷ ಮೊದಲು ಇದೇ ಜೋಡಿ ‘ಬ್ಯೂಟಿ ಅಂಡ್ ದ ಬೀಸ್ಟ್’ ಮಾಡಿತ್ತು. ಅದು ಅಪ್ಪಟ ಕುಬ್ಜೆಯ ದಾರಿ: ವಿಕಾರ ಒಂದು ಶಾಪ, ಪ್ರೀತಿ ಸಿಕ್ಕೊಡನೆ ಶಾಪ ಕಳೆದು ಕೆಂಚುಗೂದಲಿನ ಚೆಲುವ ರಾಜಕುಮಾರ ಹಾಜರು. ಆ ಚಿತ್ರದ ಚೆಲುವೆ ಬೆಲ್‌ಗೆ ರೂಪ ಕೊಟ್ಟ ಮುಖ್ಯ ಅನಿಮೇಟರ್‌ಗಳಲ್ಲಿ ಒಬ್ಬ ಜೇಮ್ಸ್ ಬ್ಯಾಕ್ಸ್‌ಟರ್. ಕ್ವಾಸಿಮೋದೊನನ್ನು ಬರೆದದ್ದೂ ಅವನೇ. ಅದೇ ಕೈಗಳು ಈ ಸಲ ಶಾಪವನ್ನು ಕಿತ್ತುಹಾಕಿದವು. ಕ್ವಾಸಿಮೋದೊಗೆ ಮಾಯೆಯಿಲ್ಲ, ಮದ್ದಿಲ್ಲ. ಮೊದಲ ದೃಶ್ಯದ ಗೂನು ಕೊನೆಯ ದೃಶ್ಯದಲ್ಲೂ ಇದೆ. ಆ ದೇಹವನ್ನು ಚಿತ್ರ ಕರುಣೆಯಿಂದ ನೋಡುವುದೂ ಇಲ್ಲ. ಗೋಪುರದ ಕಂಬ, ಕಲ್ಲುಮೂರ್ತಿ, ಮಳೆನೀರಿನ ಬಾಯಿಗಳ ಮೇಲೆ ಅವನು ಜಾರುವ, ಜೋಲುವ, ನೆಗೆಯುವ ಓಟದಲ್ಲಿ ಬ್ಯಾಕ್ಸ್‌ಟರ್‌ನ ಗೆರೆ ಹಿಗ್ಗುತ್ತದೆ. ಊರಿನ ಬೀದಿಗೆ ಹೊಂದದ ಮೈ ಆ ಗೋಪುರಕ್ಕೆ ಹೇಳಿ ಮಾಡಿಸಿದ್ದು.

ಬಿಡುವಿದ್ದಾಗ ಅವನು ಊರಿನ ಬೇಕರಿಯವನನ್ನೂ ಕಮ್ಮಾರನನ್ನೂ ಮರದಲ್ಲಿ ಕೆತ್ತಿ ಗೊಂಬೆ ಮಾಡುತ್ತಾನೆ. ಇದು ಹ್ಯೂಗೊನಲ್ಲಿಲ್ಲ, ಡಿಸ್ನಿಯ ಸೇರ್ಪಡೆ. 2010ರಲ್ಲಿ ಬ್ರಿಟನ್ನಿನ ಟೇಟ್ ಸಂಗ್ರಹಾಲಯದವರು ಹೆನ್ರಿ ಸಿಬ್ಸನ್ ಎಂಬ ಶಿಲ್ಪಿಯ ನೆನಪಿನ ಬರಹಗಳಲ್ಲಿ ಒಂದು ಸ್ವಾರಸ್ಯ ಕಂಡರು. 1820ರ ದಶಕದಲ್ಲಿ ನೋತ್ರ್ ದಾಮ್‌ನ ಕೆಲಸಕ್ಕಿದ್ದ ಗೂನುಬೆನ್ನಿನ ಕಲ್ಲುಕೆತ್ತನೆಗಾರನೊಬ್ಬನ ಪ್ರಸ್ತಾಪ ಅಲ್ಲಿದೆ. ಹ್ಯೂಗೊ ಅವನನ್ನು ನೋಡಿದ್ದನೋ ಇಲ್ಲವೋ, ಕಾದಂಬರಿಗೆ ಮಾದರಿ ಇವನೇ ಇರಬಹುದೆಂಬ ಊಹೆ ಹರಡಿತು. ಹ್ಯೂಗೊನ ಕ್ವಾಸಿಮೋದೊ ಗಂಟೆ ಬಾರಿಸುವವನು. ಈ ಸುದ್ದಿಗೆ ಹದಿನಾಲ್ಕು ವರ್ಷ ಮೊದಲೇ ಡಿಸ್ನಿಯವರು ಏನೂ ತಿಳಿಯದೆ ಉಳಿಯನ್ನು ಅವನ ಕೈಗೆ ಕೊಟ್ಟಿದ್ದರು.

ಕೆಂಚು ಕೂಸು, ಕಂದು ತಾಯಿ

ಈಗ ಎಸ್ಮೆರಾಲ್ಡಳ ಕಡೆ ಬರೋಣ. ಕಾದಂಬರಿ ಓದದೆ ಬರೀ ಸಿನಿಮಾ ನೋಡಿದವರಿಗೆ ಗೊತ್ತಿರದ ಸಂಗತಿಯೊಂದಿದೆ: ಹ್ಯೂಗೊನ ಎಸ್ಮೆರಾಲ್ಡ ಹುಟ್ಟಿನಿಂದ ರೋಮಾ ಅಲ್ಲವೇ ಅಲ್ಲ. ರ್‍ಹಾನ್ಸ್ ಊರಿನ ಫ್ರೆಂಚ್ ಹೆಂಗಸೊಬ್ಬಳ ಮಗಳು. ಅಲೆಮಾರಿಗಳು ತೊಟ್ಟಿಲಿಂದ ಅವಳನ್ನು ಕದ್ದು, ಆ ಜಾಗದಲ್ಲಿ ತಮ್ಮದೊಂದು ವಿಕಾರ ಕೂಸನ್ನು ಬಿಟ್ಟುಹೋದರು. ಆ ಕೂಸೇ ಕ್ವಾಸಿಮೋದೊ. ಅಂದರೆ ಹ್ಯೂಗೊ ಚೆಲುವನ್ನು ಫ್ರೆಂಚರಿಗೆ ಇಟ್ಟುಕೊಂಡು, ವಿಕಾರವನ್ನು ಹೊರಗಿನವರ ಲೆಕ್ಕಕ್ಕೆ ಬರೆದ. ಬಡವರ ಪರವಾಗಿ ಬದುಕಿಡೀ ಬರೆದ ಲೇಖಕನೂ ಈ ಅದಲುಬದಲಿನಲ್ಲಿ ತನ್ನ ಕಾಲದ ಮಗುವೇ.

ಕೂಸು ಕದಿಯುವ ಜಿಪ್ಸಿ ಎಂಬ ಆಪಾದನೆ ಯುರೋಪಿನಲ್ಲಿ ಬಹಳ ಹಳತು. ರೋಮಾ ಜನರ ಭಾಷೆ ಉತ್ತರ ಭಾರತದ ಭಾಷೆಗಳ ಕುಲದ್ದೆಂದು 18ನೇ ಶತಮಾನದ ಕೊನೆಗೇ ಪಂಡಿತರು ಗುರುತಿಸಿದ್ದರು. ಲಂಬಾಣಿಗಳೇ ಅಲ್ಲಿಗೆ ಹೋದವರೆಂದು ನಮ್ಮಲ್ಲಿ ಆಗಾಗ ಕೇಳಿಬರುವ ಮಾತಿಗೆ ಅಷ್ಟು ಗಟ್ಟಿ ಆಧಾರವಿಲ್ಲ. ಅದೇನೇ ಇರಲಿ, 1427ರ ಆಗಸ್ಟ್‌ನಲ್ಲಿ ಮೊದಲ ತಂಡ ಪ್ಯಾರಿಸ್ಸಿಗೆ ಬಂದಾಗ ಅವರನ್ನು ಊರೊಳಗೆ ಬಿಡದೆ ಹೊರವಲಯದ ಲಾ ಶಪೆಲ್‌ನಲ್ಲಿ ಇಳಿಸಲಾಯಿತು. ಪ್ಯಾರಿಸ್ಸಿನ ಜನ ಸಾಲುಗಟ್ಟಿ ನೋಡಲು ಹೋದರು, ಕೈ ತೋರಿಸಿ ಭವಿಷ್ಯ ಕೇಳಿದರು. ಬಿಷಪ್ ಕೈ ತೋರಿಸಿದವರಿಗೆ ಬಹಿಷ್ಕಾರ ಹಾಕಿ, ಬಂದವರನ್ನು ಸಾಗಹಾಕಿದ. ಕಾದಂಬರಿ ನಡೆಯುವುದು ಅದಕ್ಕೆ ಐವತ್ತೈದು ವರ್ಷ ಆದಮೇಲೆ, 1482ರಲ್ಲಿ.

ಚರಿತ್ರೆಯಲ್ಲಿ ಕೂಸು ಕದ್ದವರು ಯಾರೆಂದು ನೋಡಿದರೆ ಸಿಗುವ ಉತ್ತರ ಬೇರೆ. 18ನೇ ಶತಮಾನದಲ್ಲಿ ಹ್ಯಾಬ್ಸ್‌ಬರ್ಗ್ ರಾಣಿ ಮರಿಯಾ ತೆರೇಸಾ ರೋಮಾ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಕ್ರೈಸ್ತ ರೈತರ ಮನೆಗಳಲ್ಲಿ ಬೆಳೆಸಲು ಆಜ್ಞೆ ಮಾಡಿದಳು. ಸ್ವಿಟ್ಜರ್ಲೆಂಡಿನಲ್ಲಿ 1926ರಿಂದ 1973ರವರೆಗೆ ‘ಪ್ರೊ ಯುವೆಂಟ್ಯೂಟ್’ ಎಂಬ ಮಕ್ಕಳ ಕಲ್ಯಾಣ ಸಂಸ್ಥೆ ಯೆನಿಶ್ ಎಂಬ ಅಲೆಮಾರಿ ಸಮುದಾಯದ ಸುಮಾರು 600 ಮಕ್ಕಳನ್ನು ಕಿತ್ತುಕೊಂಡಿತು; 1986ರಲ್ಲಿ ಆ ದೇಶದ ಅಧ್ಯಕ್ಷರು ಕ್ಷಮೆ ಕೇಳಬೇಕಾಯಿತು. ಇಷ್ಟಾದರೂ ಹಳೆಯ ಕಥೆ ಸಾಯಲಿಲ್ಲ. 2013ರ ಅಕ್ಟೋಬರ್‌ನಲ್ಲಿ ಗ್ರೀಸ್‌ನ ರೋಮಾ ಕೇರಿಯೊಂದರಲ್ಲಿ ಕೆಂಚುಗೂದಲ ಹೆಣ್ಣುಮಗು ಕಂಡಿತು. ಬಿಳಿಯರ ಕೂಸನ್ನು ಕದ್ದಿದ್ದಾರೆಂದು ಜಗತ್ತಿನ ಟಿವಿಗಳೆಲ್ಲ ಕೂಗಿದವು. ಡಿಎನ್‌ಎ ಪರೀಕ್ಷೆ ಮಾಡಿದರೆ ಮಗುವಿನ ಹೆತ್ತವರು ಬಲ್ಗೇರಿಯದ ರೋಮಾಗಳೇ. ಅದೇ ವಾರ ಐರ್ಲೆಂಡಿನ ಪೊಲೀಸರು ಎರಡು ರೋಮಾ ಮನೆಗಳಿಂದ ಇಬ್ಬರು ಕೆಂಚು ಮಕ್ಕಳನ್ನು ಎತ್ತಿಕೊಂಡು ಹೋದರು. ಪರೀಕ್ಷೆಯಾದ ಮೇಲೆ ಇಬ್ಬರನ್ನೂ ತೆಪ್ಪಗೆ ವಾಪಸು ಬಿಟ್ಟರು.

ನಮ್ಮ ಮನೆಗಳಲ್ಲೂ ಉಣ್ಣದ ಮಗುವಿಗೆ ಬುಡಬುಡಿಕೆಯವನನ್ನು, ಜೋಗಿಯನ್ನು ತೋರಿಸಿ ಹೆದರಿಸುವುದು ಹಳೆಯ ರೂಢಿ; ಜೋಳಿಗೆ ಹೊತ್ತವನೆಂದರೆ ಮಕ್ಕಳನ್ನು ಹಾಕಿಕೊಂಡು ಹೋಗುವವನು. ಅದು ಬರೀ ತಮಾಷೆಯಾಗಿ ಉಳಿದಿಲ್ಲ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳನೆಂಬ ವಾಟ್ಸ್‌ಆ್ಯಪ್ ಗುಲ್ಲಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಯುವಕನೊಬ್ಬ ಹೊಡೆತಕ್ಕೆ ಸತ್ತ. ಎರಡು ತಿಂಗಳೊಳಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇನ್ನೊಬ್ಬನ ಗತಿಯೂ ಅದೇ ಆಯಿತು.

ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಡಿಸ್ನಿ ಮಾಡಿದ ಬದಲಾವಣೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಚಿತ್ರದ ಮೊದಲ ಐದಾರು ನಿಮಿಷಗಳಲ್ಲಿ ಒಬ್ಬ ರೋಮಾ ತಾಯಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಎದೆಗವುಚಿಕೊಂಡು ಹಿಮದಲ್ಲಿ ಓಡುತ್ತಾಳೆ. ಕದ್ದ ಮಾಲೆಂದು ಆ ನ್ಯಾಯಾಧೀಶ ಫ್ರೋಲೋ ಕುದುರೆಯ ಮೇಲೆ ಅಟ್ಟಿಸಿಕೊಂಡು ಬರುತ್ತಾನೆ. ಕಿತ್ತುಕೊಂಡು ಬಿಚ್ಚಿದರೆ ಒಳಗೆ ಅವಳದೇ ಕೂಸು. ಅವಳು ಮೆಟ್ಟಿಲಿಗೆ ತಲೆಬಡಿದು ಸಾಯುತ್ತಾಳೆ, ಕೂಸನ್ನು ಬಾವಿಗೆ ಎಸೆಯಹೊರಟವನನ್ನು ಪಾದ್ರಿ ತಡೆಯುತ್ತಾನೆ, ಪ್ರಾಯಶ್ಚಿತ್ತಕ್ಕೆಂದು ಅವನೇ ಸಾಕಬೇಕಾಗುತ್ತದೆ. ಶತಮಾನಗಳ ಆಪಾದನೆ ತಲೆಕೆಳಗಾಯಿತು: ಕೂಸು ಕದ್ದವನು ನ್ಯಾಯಾಧೀಶ, ಕಳೆದುಕೊಂಡವಳು ಅಲೆಮಾರಿ. ಎಸ್ಮೆರಾಲ್ಡಳಿಗೂ ಹ್ಯೂಗೊ ಕಸಿದುಕೊಂಡಿದ್ದ ಹುಟ್ಟು ವಾಪಸು ಬಂತು. ಇಲ್ಲಿ ಅವಳು ಕಂದುಬಣ್ಣದ, ಅನುಮಾನವಿಲ್ಲದ ರೋಮಾ. ಚರ್ಚಿನೊಳಗೆ ಉಳ್ಳವರು ತಮಗೆ ಸಂಪತ್ತು, ಕೀರ್ತಿ ಬೇಡುತ್ತಿರುವಾಗ ಅವಳು ತನ್ನ ಜನಕ್ಕಾಗಿ ಹಾಡಿ ಬೇಡುತ್ತಾಳೆ. ಆಲನ್ ಮೆಂಕನ್ ಸಂಗೀತ, ಸ್ಟೀಫನ್ ಶ್ವಾರ್ಟ್ಸ್ ಸಾಹಿತ್ಯದ ಆ ಹಾಡು ಚಿತ್ರದ ಅಂತಃಕರಣ.

ಒಬ್ಬರಿಗೆ ಒಂದೇ ಗುರುತು

ಆದರೆ ಇಷ್ಟು ಧೈರ್ಯ ಮಾಡಿದ ಚಿತ್ರ ತಾನೇ ಹೇಳಿದ್ದನ್ನು ಸ್ವಲ್ಪ ಹೊತ್ತಿಗೇ ಮರೆಯುತ್ತದೆ. ರೋಮಾ ತಾಯಿಯ ಮಗ ಕ್ವಾಸಿಮೋದೊ ರೋಮಾ ಅಲ್ಲವೇ? ಅವನ ಚರ್ಮ ಬೆಳ್ಳಗಿದೆ, ಕೂದಲು ಕೆಂಪಗಿದೆ. ಎಸ್ಮೆರಾಲ್ಡಳ ಜೊತೆ ಮಾತಾಡುವಾಗ ಅವಳು ಪರಕೀಯಳು, ಇವನು ಪ್ಯಾರಿಸ್ಸಿನವನು. ಕೊನೆಯ ಹೋರಾಟದಲ್ಲಿ ಫ್ರೋಲೋ ಬಾಯಿತಪ್ಪಿ ತಾಯಿಯ ಸಾವಿನ ಸತ್ಯ ಹೇಳುತ್ತಾನೆ. ತಾನು ಯಾರ ಮಗನೆಂದು ತಿಳಿದವನಿಗೆ ಆಮೇಲೆ ತನ್ನ ಜನದ ಬಗ್ಗೆ ಒಂದು ಪ್ರಶ್ನೆಯೂ ಏಳುವುದಿಲ್ಲ. ಈ ಚಿತ್ರದ ನಿಜವಾದ ಸೋಲು ಇದು ಅನ್ನಿಸುತ್ತದೆ ನನಗೆ. ಅಂಗವಿಕಲನಾದರೆ ಅಂಗವಿಕಲ ಮಾತ್ರ, ಜಿಪ್ಸಿಯಾದರೆ ಜಿಪ್ಸಿ ಮಾತ್ರ. ಎರಡೂ ಭಾರವನ್ನು ಒಂದೇ ಬೆನ್ನಿನ ಮೇಲೆ ಹೊತ್ತವರ ಬದುಕು ಹೇಗಿರುತ್ತದೆಂದು ಯೋಚಿಸುವ ತ್ರಾಣ 1996ರ ಹಾಲಿವುಡ್ಡಿಗೆ ಇರಲಿಲ್ಲ.

ಪ್ರೀತಿಯ ಲೆಕ್ಕವೂ ಹೀಗೇ. ಕ್ವಾಸಿಮೋದೊನ ಮನಸ್ಸು ಎಸ್ಮೆರಾಲ್ಡಳಲ್ಲಿದೆ. ಅವಳು ಒಲಿಯುವುದು ಹೊಂಬಣ್ಣದ ಕೂದಲಿನ ಸೇನಾಧಿಕಾರಿ ಫೀಬಸ್‌ಗೆ. ಇಬ್ಬರ ಕೈಯನ್ನೂ ಕ್ವಾಸಿಮೋದೊ ತಾನೇ ಹಿಡಿದು ಸೇರಿಸುತ್ತಾನೆ. ಹೆಣ್ಣು ತನಗೆ ಬೇಕಾದವನನ್ನು ಆರಿಸಿಕೊಳ್ಳಲಿ, ತಕರಾರಿಲ್ಲ. ಆದರೆ ವಿಕಲಾಂಗ ನಾಯಕ ಕೊನೆಯಲ್ಲಿ ಧಾರೆ ಎರೆದುಕೊಡುವ ಅಣ್ಣನಾಗಿಯೇ ಉಳಿಯುವುದು ಕನ್ನಡ, ಹಿಂದಿ, ಇಂಗ್ಲಿಷ್ ಯಾವ ಭಾಷೆಯ ಸಿನಿಮಾ ನೋಡಿದವರಿಗೂ ಹೊಸದಲ್ಲ. 2002ರಲ್ಲಿ ನೇರ ವಿಡಿಯೊಕ್ಕೆ ಬಂದ ಎರಡನೆಯ ಭಾಗದಲ್ಲಿ ಅವನಿಗೊಬ್ಬಳು ಸರ್ಕಸ್ ಹುಡುಗಿಯನ್ನು ಜೊತೆ ಮಾಡಿದರು. ಸಾಧಾರಣ ಚಿತ್ರ, ಸಾಲ ತೀರಿಸಿದ ಹಾಗಿತ್ತು.

ಕಾದಂಬರಿಯಿಂದ ಸಿನಿಮಾಕ್ಕೆ ಬರುವಾಗ ಕಳೆದುಹೋದದ್ದರಲ್ಲಿ ದೊಡ್ಡದು ಕಿವುಡುತನ. ಕಾದಂಬರಿಯ ಕ್ವಾಸಿಮೋದೊಗೆ ಗಂಟೆಗಳ ಸದ್ದಿಗೇ ಕಿವಿ ಹೋಗಿದೆ. ಹ್ಯೂಗೊ ಅವನನ್ನು ನ್ಯಾಯಾಲಯಕ್ಕೆ ತಂದಾಗ ವಿಚಾರಣೆ ಮಾಡುವ ನ್ಯಾಯಾಧಿಕಾರಿಯೂ ಕಿವುಡ, ಮತ್ತು ಅದನ್ನು ಊರಿಂದ ಮುಚ್ಚಿಟ್ಟವನು. ಕೇಳದವನು ಕೇಳದವನನ್ನು ಪ್ರಶ್ನಿಸುತ್ತಾನೆ, ಸಭೆ ಬಿದ್ದು ಬಿದ್ದು ನಗುತ್ತದೆ, ಛಡಿಯೇಟಿನ ಶಿಕ್ಷೆ ಬೀಳುತ್ತದೆ. ಒಂದೇ ಊನ ಪೀಠದ ಮೇಲಿದ್ದವನಿಗೆ ಅಧಿಕಾರಕ್ಕೆ ಅಡ್ಡಿಯಾಗಲಿಲ್ಲ, ಕಟಕಟೆಯಲ್ಲಿದ್ದವನ ಬೆನ್ನಿನ ಚರ್ಮ ಸುಲಿಯಿತು. ಹಾಡಬೇಕಾದ ನಾಯಕ ಕಿವುಡನಾಗಿದ್ದರೆ ಡಿಸ್ನಿಗೆ ಅನುಕೂಲವಿರಲಿಲ್ಲ. ಟಾಮ್ ಹಲ್ಸ್‌ನ ಸಿಹಿದನಿ ಕೊಟ್ಟು ಕಿವಿ ಸರಿಮಾಡಿದರು. ಇದೂ ಒಂದು ಬಗೆಯ ಕುಬ್ಜೆಯ ದಾರಿಯೇ. ಕಿವುಡುತನ ಮರಳಿ ಬಂದದ್ದು ರಂಗದ ಮೇಲೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಇದೇ ಚಿತ್ರದ ಸಂಗೀತನಾಟಕ ಆಡಿದಾಗ ಕ್ವಾಸಿಮೋದೊ ಆದವರು ಕಿವುಡ ನಟ ಜಾನ್ ಮೆಕ್‌ಗಿಂಟಿ. ಅವರ ಕೈಗಳು ಸನ್ನೆಯಲ್ಲಿ ಹಾಡಿದವು, ದನಿಯನ್ನು ಬೇರೆಯವರು ಕೊಟ್ಟರು.

ರೋಮಾಗಳ ಅಡಗುದಾಣದ ದೃಶ್ಯವಂತೂ ಚಿತ್ರದ ಎರಡು ನಾಲಿಗೆಯನ್ನು ಬಯಲು ಮಾಡುತ್ತದೆ. ಹಗಲು ಕುರುಡ ಕುಂಟರಾಗಿ ತಿರಿಯುವವರು ರಾತ್ರಿ ಅಲ್ಲಿಗೆ ಬಂದೊಡನೆ ಕಣ್ಣು ಕಾಲು ಪಡೆಯುತ್ತಾರೆಂದೇ ಪ್ಯಾರಿಸ್ಸಿನ ಜನ ಅಂಥ ಕೇರಿಗಳನ್ನು ಪವಾಡಗಳ ಅಂಗಳವೆಂದು ಲೇವಡಿ ಮಾಡುತ್ತಿದ್ದರು. ಚಿತ್ರ ಆ ಲೇವಡಿಯನ್ನು ಹಾಡಾಗಿ ಕುಣಿಸುತ್ತದೆ. ಅಂಗವಿಕಲರೆಲ್ಲ ವೇಷಗಾರರು, ಅಲೆಮಾರಿಗಳೆಲ್ಲ ಮೋಸಗಾರರು ಎಂಬ ಎರಡು ಅನುಮಾನಗಳು ಅಲ್ಲಿ ಕೈಕೈ ಹಿಡಿದಿವೆ. ಕೊಲ್ಲೋದಿಯ ‘ಪಿನೋಕಿಯೊ’ ಕಥೆಯಲ್ಲಿ ಕುಂಟನಂತೆ ನಟಿಸುವ ನರಿ, ಕುರುಡನಂತೆ ನಟಿಸುವ ಬೆಕ್ಕು ಬಂದದ್ದೂ ಇದೇ ಬೇರಿನಿಂದ. ಸರ್ಟಿಫಿಕೇಟಿಗಾಗಿ ಜಿಲ್ಲಾಸ್ಪತ್ರೆಯಲ್ಲಿ ಸಾಲು ನಿಂತ ಯಾವ ವಿಕಲಚೇತನರನ್ನಾದರೂ ಕೇಳಿ, ಈ ಅನುಮಾನದ ಕಣ್ಣು ಎಂಥದ್ದೆಂದು ಹೇಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಚಿತ್ರ ತನ್ನ ಮುಂದಿನವರಿಗೆ ದಾರಿ ತೋರಿತು. ಹಬ್ಬದ ದಿನ ಕ್ವಾಸಿಮೋದೊನಿಗೆ ಕಿರೀಟ ತೊಡಿಸಿ, ಮುಖವಾಡವಲ್ಲವೆಂದು ತಿಳಿದ ಮೇಲೆ ಕಟ್ಟಿಹಾಕಿ ಟೊಮೆಟೊ ಎಸೆದ ಜನವೇ ಕೊನೆಯಲ್ಲಿ ಅವನನ್ನು ಹೆಗಲ ಮೇಲೆ ಹೊರುತ್ತದೆ. ಬದಲಾದದ್ದು ಅವನ ಬೆನ್ನಲ್ಲ, ಜನ. ಅದಕ್ಕವನು ಊರನ್ನೇ ಉಳಿಸಬೇಕಾಯಿತು ಎಂಬುದು ನಿಜ. ಏನೂ ಸಾಹಸ ಮಾಡದ ಗೂನುಬೆನ್ನಿನವನಿಗೆ ಹೆಗಲು ಸಿಗುತ್ತಿತ್ತೇ ಎಂಬ ಡಂಬೊ ಕಾಲದ ಪ್ರಶ್ನೆ ಹಾಗೇ ಇದೆ.

ಆಮೇಲಿನ ಚಿತ್ರಗಳಲ್ಲಿ ಒಳ್ಳೆಯವು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡವು. ‘ಫೈಂಡಿಂಗ್ ನೀಮೊ’ದಲ್ಲಿ (2003) ಒಂದು ರೆಕ್ಕೆ ಚಿಕ್ಕದಿರುವ ಮರಿಮೀನು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಹಾಯಕ್ಕೆ ನುಗ್ಗುವವರನ್ನು ತಡೆಯುವ ಗಿಲ್‌ನ ರೆಕ್ಕೆಯೂ ಮುಕ್ಕಾದದ್ದೇ. ಅವನು ದೂರ ನಿಂತು ದಾರಿ ಹೇಳುತ್ತಾನೆ, ಮರಿ ತಾನಾಗಿ ಹೊರಬರುತ್ತದೆ. ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ (2010) ಇನ್ನೂ ಮುಂದೆ ಹೋಗಿ ವಾಸಿಯಾಗುವ ಕಥೆಯನ್ನೇ ಹಿಂದುಮುಂದು ಮಾಡಿತು. ಹುಡುಗ ಹಿಕಪ್‌ನ ಬಲೆಗೆ ಸಿಕ್ಕು ಡ್ರ್ಯಾಗನ್ನಿನ ಬಾಲದ ರೆಕ್ಕೆ ಹೋಗುತ್ತದೆ. ಅವನೇ ಕೃತಕ ರೆಕ್ಕೆ ಹೊಲಿದು ಕಟ್ಟುತ್ತಾನೆ. ಗೆದ್ದ ಮೇಲೆ ಎಚ್ಚರವಾದಾಗ ಅವನದೇ ಒಂದು ಕಾಲಿಲ್ಲ. ನಾಯಕ ಇದ್ದ ಅಂಗ ಕಳೆದುಕೊಂಡು ಚಿತ್ರ ಮುಗಿಯುತ್ತದೆ, ಯಾರೂ ಕಣ್ಣೀರು ಹಾಕುವುದಿಲ್ಲ.

‘ಲೂಕಾ’ (2021) ನನಗೆ ಇನ್ನೂ ಇಷ್ಟ. ಇಟಲಿಯ ಮೀನುಗಾರರ ಊರಿಗೆ ವೇಷ ಮರೆಸಿಕೊಂಡು ಬಂದ ಇಬ್ಬರು ಜಲಚರ ಹುಡುಗರು ಅಲ್ಲಿನ ಪರಕೀಯರು. ಅವರಿಗೆ ಅನ್ನ ಹಾಕುವ ಮಾಸ್ಸಿಮೊಗೆ ಒಂದೇ ತೋಳು. ಹುಡುಗರು ಕಣ್ಣು ಬಿಟ್ಟು ನೋಡಿದಾಗ ತಾನು ಹುಟ್ಟಿದ್ದೇ ಹೀಗೆಂದು ಹೇಳಿ ಮೀನು ಹೆಚ್ಚುವುದನ್ನು ಮುಂದುವರಿಸುತ್ತಾನೆ. ವೈರಿಯ ಕಚ್ಚಿಲ್ಲ, ಶಾಪವಿಲ್ಲ, ಹಿನ್ನೆಲೆಯ ಗೋಳಿಲ್ಲ. ಹುಡುಗರ ಗುಟ್ಟು ರಟ್ಟಾಗಿ ಊರೆಲ್ಲ ಈಟಿ ಎತ್ತಿದಾಗ ಅವರು ಯಾರೆಂದು ತನಗೆ ಗೊತ್ತೆಂದು ಮುಂದೆ ಬಂದು ನಿಲ್ಲುವವನೂ ಅವನೇ.

ನಮ್ಮಲ್ಲಿ ಈ ಚರ್ಚೆ ನ್ಯಾಯಾಲಯದ ಮೆಟ್ಟಿಲೇರಿ ಆಗಿದೆ. ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದ ಮೇಲಿನ ದೂರಿನಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಅಂಗವೈಕಲ್ಯದ ಬದುಕಿನೊಳಗಿನ ನಗುವೇ ಬೇರೆ, ಅಂಗವಿಕಲರನ್ನು ಕುಗ್ಗಿಸುವ ನಗುವೇ ಬೇರೆ ಎಂದು ಗೆರೆ ಎಳೆಯಿತು. ಅವರನ್ನು ಚಿತ್ರಿಸುವಾಗ ಅವರನ್ನೇ ಕೇಳಿ ಎಂದಿತು. ಅನಿಮೇಷನ್‌ಗೂ ಇದು ಅನ್ವಯಿಸುತ್ತದೆ, ಬಹುಶಃ ಹೆಚ್ಚಾಗಿಯೇ. ಪಿಕ್ಸಾರ್‌ನ ‘ಲೂಪ್’ (2020) ಎಂಬ ಕಿರುಚಿತ್ರದಲ್ಲಿ ಮಾತಾಡದ ಆಟಿಸಂ ಹುಡುಗಿಗೆ ದನಿಯಾದದ್ದು ಆಟಿಸಂ ಇರುವ ಹುಡುಗಿಯೇ. ಪದಗಳಿಲ್ಲದ ಆ ಸದ್ದುಗಳನ್ನು ಬೇರೆ ಯಾರಾದರೂ ನಟಿಸಿದ್ದರೆ ಅಣಕವಾಗುತ್ತಿತ್ತು.

ಡಿಸ್ನಿ ‘ಹಂಚ್‌ಬ್ಯಾಕ್’ ಅನ್ನು ನಿಜ ನಟರನ್ನಿಟ್ಟು ಮತ್ತೆ ತೆಗೆಯಲಿದೆ ಎಂಬ ಸುದ್ದಿ 2019ರಲ್ಲಿ ಬಂತು. ಆ ಕೆಲಸ ಸುಲಭದ್ದಲ್ಲ. ಪೆನ್ಸಿಲಿನ ಹಿಂದೆ ಅಡಗಿಕೊಳ್ಳಬಹುದಾದದ್ದನ್ನು ಕ್ಯಾಮೆರಾದ ಮುಂದೆ ನಿಲ್ಲಿಸಬೇಕು. 1923ರಲ್ಲಿ ಲಾನ್ ಚೇನಿ, 1939ರಲ್ಲಿ ಚಾರ್ಲ್ಸ್ ಲಾಟನ್ ನಕಲಿ ಗೂನು ಕಟ್ಟಿಕೊಂಡೇ ಕ್ವಾಸಿಮೋದೊ ಆದರು. ಇಬ್ಬರೂ ದೊಡ್ಡ ನಟರು. ಚೇನಿಯ ತಂದೆತಾಯಿ ಇಬ್ಬರೂ ಕಿವುಡರಾಗಿದ್ದರು, ಮೂಕಾಭಿನಯ ಅವನಿಗೆ ಮನೆಮಾತು. ಎಸ್ಮೆರಾಲ್ಡಳ ಪಾತ್ರಕ್ಕೆ 1923ರಲ್ಲಿ ಅಮೆರಿಕದ ಪ್ಯಾಟ್ಸಿ ರೂತ್ ಮಿಲ್ಲರ್, 1939ರಲ್ಲಿ ಐರ್ಲೆಂಡಿನ ಮೌರೀನ್ ಒಹಾರಾ, 1956ರಲ್ಲಿ ಇಟಲಿಯ ಜೀನಾ ಲೊಲೊಬ್ರಿಜಿಡಾ ಬಂದರು. 1996ರಲ್ಲಿ ದನಿ ಅಮೆರಿಕದ ಡೆಮಿ ಮೂರ್‌ಳದು. ಯುರೋಪಿನಲ್ಲಿ ಒಂದು ಕೋಟಿಗೂ ಹೆಚ್ಚು ರೋಮಾ ಜನರಿದ್ದಾರೆಂದು ಯುರೋಪಿಯನ್ ಆಯೋಗವೇ ಅಂದಾಜು ಮಾಡುತ್ತದೆ. ಮುಂದಿನ ಎಸ್ಮೆರಾಲ್ಡಳನ್ನು ಹುಡುಕುವವರು ತೀರಾ ದೂರ ಹೋಗಬೇಕಿಲ್ಲ.